ಕಂಚಿನ ಹುಲಿ: ಅಸಲು ಯಾವುದು, ನಕಲು ಯಾವುದು?

(ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಕಂಚಿನ ಶಿಲ್ಪಗಳ ಸಂಗ್ರಹ ಕುರಿತ ಉಪನ್ಯಾಸದ ಬರಹ ರೂಪ)



ಹಳೆಯ ಕಂಚಿನ ಶಿಲ್ಪವೊಂದನ್ನು ಕೊಳ್ಳಲು ಬಂದ ಅನುಭವಸ್ಥ ಗಿರಾಕಿ ಮೊದಲು ಅದರ ಮುಖ ನೋಡುವುದಿಲ್ಲ. ಎರಡೂ ಕೈಯಲ್ಲಿ ಎತ್ತಿ ತೂಕ ನೋಡುತ್ತಾನೆ. ಮೆಲ್ಲಗೆ ತಲೆಕೆಳಗು ಮಾಡಿ ಪೀಠದ ಟೊಳ್ಳಿನೊಳಗೆ ಟಾರ್ಚ್ ಬಿಟ್ಟು ಇಣುಕುತ್ತಾನೆ. ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತಾನೆ. ಕೊನೆಗೆ ಜೇಬಿನಿಂದ ಕ್ಯಾಲಿಪರ್ ತೆಗೆದು ಮೂತಿಯಿಂದ ಬಾಲದ ತನಕ, ಪಾದದಿಂದ ಭುಜದ ತನಕ ಅಳತೆ ಹಿಡಿದು, ತಾನು ಬರೆದಿಟ್ಟುಕೊಂಡ ಅಂಕಿಗಳ ಜೊತೆ ಹೋಲಿಸುತ್ತಾನೆ. ಹುಲಿಯ ಮುಖದಲ್ಲಿ ರೌದ್ರ ಇದೆಯೇ, ಬೆನ್ನಿನ ಬಾಗಿನಲ್ಲಿ ಬಲ ಇದೆಯೇ ಎಂಬುದೆಲ್ಲ ಆಮೇಲಿನ ಮಾತು.

ದನದ ಜಾತ್ರೆಯಲ್ಲಿ ಎತ್ತಿನ ಹಲ್ಲು ಎಣಿಸುವವರನ್ನು ನೋಡಿದವರಿಗೆ ಈ ದೃಶ್ಯ ಹೊಸದೆನಿಸದು. ಆದರೆ ಕಲೆಯ ವಿಷಯದಲ್ಲಿ ಇದೆಂಥ ರೀತಿ ಎಂದು ಯಾರಾದರೂ ಕೇಳಬಹುದು. ಚಿತ್ರವನ್ನು ಯಾರೂ ಸ್ಕೇಲು ಹಿಡಿದು ಅಳೆದು ಮೆಚ್ಚುವುದಿಲ್ಲ. ಕಲ್ಲಿನ ವಿಗ್ರಹವನ್ನು ಯಾರೂ ಬುಡಮೇಲು ಮಾಡಿ ನೋಡುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್‌ನಲ್ಲಿ ಎರಕಗೊಂಡ ಕಂಚಿಗೆ ಮಾತ್ರ ಈ ಪರೀಕ್ಷೆ ಏಕೆ? ಉತ್ತರ ಹುಡುಕುತ್ತಾ ಹೋದರೆ ಒಬ್ಬ ಶಿಲ್ಪಿಯ ದಿವಾಳಿ, ಒಂದು ಯಂತ್ರದ ಜಾಣ್ಮೆ, ಲೋಹದ ಒಂದು ಸಹಜ ಗುಣ, ಈ ಮೂರೂ ಒಂದೇ ಕಥೆಯಲ್ಲಿ ಸೇರಿಕೊಳ್ಳುತ್ತವೆ.

ಮೇಣ ಮತ್ತು ಮರಳು

ಮೊದಲು ಎರಕದ ಮಾತು. ಮೇಣದ ಎರಕ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲೇ ಅದರ ವಿವರಣೆ ಇದೆ. ಮೂರ್ತಿಯನ್ನು ಮೊದಲು ಮೇಣದಲ್ಲಿ ಮಾಡಬೇಕು. ಅದರ ಮೇಲೆ ಮಣ್ಣಿನ ಲೇಪ ಕೊಟ್ಟು ಒಣಗಿಸಬೇಕು. ಕಾಯಿಸಿದಾಗ ಮೇಣ ಕರಗಿ ಹರಿದುಹೋಗುತ್ತದೆ. ಉಳಿದ ಟೊಳ್ಳಿಗೆ ಕರಗಿದ ಲೋಹ ಹೊಯ್ಯಬೇಕು. ಆರಿದ ಮೇಲೆ ಮಣ್ಣಿನ ಅಚ್ಚನ್ನು ಒಡೆದು ಮೂರ್ತಿಯನ್ನು ಹೊರತೆಗೆಯಬೇಕು. ಮೇಣ ಹೋಯಿತು, ಅಚ್ಚೂ ಹೋಯಿತು, ಉಳಿದದ್ದು ಒಂದೇ ಮೂರ್ತಿ. ಇಲ್ಲಿ ಅಸಲು ಯಾವುದು, ನಕಲು ಯಾವುದು ಎಂಬ ಪ್ರಶ್ನೆಯೇ ಏಳುವುದಿಲ್ಲ.

ಪ್ಯಾರಿಸ್‌ನ ಎರಕದ ಮನೆಗಳು ಹಿಡಿದ ದಾರಿ ಬೇರೆ. ಅಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಹೆಚ್ಚಾಗಿ ಚಾಲ್ತಿಯಲ್ಲಿದ್ದದ್ದು ಮರಳಿನ ಎರಕ. ಶಿಲ್ಪಿ ಮಣ್ಣಿನಲ್ಲೋ ಮೇಣದಲ್ಲೋ ರೂಪಿಸಿದ್ದನ್ನು ಪ್ಲಾಸ್ಟರ್‌ಗೆ ಇಳಿಸುತ್ತಿದ್ದರು. ಆ ಪ್ಲಾಸ್ಟರ್‌ನಿಂದ ಮೊದಲಿಗೆ ಒಂದು ಕಂಚನ್ನು ಎರಕ ಹೊಯ್ದು, ಅದನ್ನು ತುಂಬ ಎಚ್ಚರಿಕೆಯಿಂದ ಉಳಿ, ಅರಗಳಿಂದ ತಿದ್ದುತ್ತಿದ್ದರು. ಇದು ಮಾರಾಟಕ್ಕಲ್ಲ, ಮುಂದಿನ ಎಲ್ಲ ಕಂಚುಗಳಿಗೂ ಮಾದರಿ. ಕೈ, ಕಾಲು, ಬಾಲ, ಪೀಠ ಎಲ್ಲವೂ ಬಿಡಿಸಿ ಜೋಡಿಸಲು ಬರುವಂತೆ ಇದನ್ನು ಭಾಗ ಮಾಡಿಡುತ್ತಿದ್ದರು. ಕಬ್ಬಿಣದ ಚೌಕಟ್ಟಿನೊಳಗೆ ನಯವಾದ ಮರಳನ್ನು ತುಂಬಿ, ಒಂದೊಂದು ಭಾಗವನ್ನೂ ಅದರಲ್ಲಿ ಒತ್ತಿ ಅಚ್ಚು ತೆಗೆಯುತ್ತಿದ್ದರು. ಪ್ಯಾರಿಸ್‌ಗೆ ಹತ್ತಿರದ ಫೋಂತನೆ ಓ ರೋಸ್ ಎಂಬ ಊರಿನ ಮರಳು ಈ ಕೆಲಸಕ್ಕೆ ಹೆಸರುವಾಸಿ. ಅಚ್ಚಿನ ನಡುವೆ ಮರಳಿನ ತಿರುಳು ಇಟ್ಟರೆ ಕಂಚು ಟೊಳ್ಳಾಗಿ, ಹಗುರಾಗಿ ಬರುತ್ತದೆ.

ಎರಕ ಹೊಯ್ದಲ್ಲಿಗೆ ಕೆಲಸ ಮುಗಿಯದು. ಭಾಗಗಳನ್ನು ಕೀಲು ಹಾಕಿ ಜೋಡಿಸಬೇಕು. ಜೋಡಣೆಯ ಗೆರೆ ಕಾಣದಂತೆ ತಿದ್ದಬೇಕು. ಮರಳು ಹಿಡಿಯದೆ ಬಿಟ್ಟ ರೋಮ, ಉಗುರು, ಮಡಿಕೆಗಳನ್ನು ಚಿಕ್ಕ ಉಳಿಯಿಂದ ಮತ್ತೆ ಕೆತ್ತಬೇಕು. ಕಡೆಗೆ ಬಿಸಿ ಮಾಡಿ, ಆಮ್ಲ ಮತ್ತು ಲವಣಗಳನ್ನು ಸವರಿ ಕಂದು, ಕಪ್ಪು, ಹಸಿರು ಬಣ್ಣದ ಪೊರೆ ಬರಿಸಬೇಕು. ಈ ಪೊರೆಗೆ ಪಟೀನ ಎಂದು ಹೆಸರು. ಎರಕದವರು ಒಬ್ಬರು, ತಿದ್ದುವವರು ಇನ್ನೊಬ್ಬರು, ಬಣ್ಣ ಬರಿಸುವವರು ಮತ್ತೊಬ್ಬರು. ಒಂದು ಅಂಗೈ ಅಗಲದ ಮೊಲದ ಹಿಂದೆಯೂ ಇಷ್ಟು ಜನರ ದುಡಿಮೆ ಇರುತ್ತಿತ್ತು. ಮುಖ್ಯವಾದ ಸಂಗತಿ ಎಂದರೆ, ಮಾದರಿ ಕಂಚು ಕೈಯಲ್ಲಿರುವ ತನಕ ಅದರಿಂದ ಹತ್ತು ತೆಗೆಯಬಹುದು, ನೂರು ತೆಗೆಯಬಹುದು. ಮಾದರಿ ಯಾರ ಕೈಯಲ್ಲಿದೆಯೋ ಶಿಲ್ಪ ಅವರದು.

ಸತ್ತ ಸಿಂಹದ ಪಾಠ

ಈ ಮಾತನ್ನು ಕಷ್ಟಪಟ್ಟು ಕಲಿತವನು ಆಂತ್ವಾನ್ ಲೂಯಿ ಬಾರೀ. 1795ರಲ್ಲಿ ಪ್ಯಾರಿಸ್‌ನಲ್ಲಿ ಅಕ್ಕಸಾಲಿಗನೊಬ್ಬನ ಮಗನಾಗಿ ಹುಟ್ಟಿದ ಈತ ಬಾಲ್ಯದಲ್ಲೇ ಲೋಹದ ಮೇಲೆ ಕೆತ್ತುವ ಕಸುಬು ಕಲಿತ. ಮುಂದೆ ಕಲಾಶಾಲೆ ಸೇರಿದರೂ ದೊಡ್ಡ ಬಹುಮಾನ ಕೈಗೆ ಹತ್ತಲಿಲ್ಲ. ಹೊಟ್ಟೆಪಾಡಿಗೆ ಅಕ್ಕಸಾಲಿಗನ ಅಂಗಡಿಯಲ್ಲಿ ದುಡಿಯುತ್ತಲೇ, ಬಿಡುವಿನಲ್ಲಿ ನಗರದ ಸಸ್ಯೋದ್ಯಾನಕ್ಕೆ ಸೇರಿದ ಮೃಗಾಲಯಕ್ಕೆ ಹೋಗಿ ಕೂರುತ್ತಿದ್ದ. ಚಿತ್ರಕಾರ ದೆಲಾಕ್ರ್ವಾ ಅವನಿಗೆ ಅಲ್ಲಿನ ಜೊತೆಗಾರ. 1820ರ ದಶಕದ ಕೊನೆಯಲ್ಲಿ ಮೃಗಾಲಯದ ಸಿಂಹವೊಂದು ಸತ್ತಾಗ ದೆಲಾಕ್ರ್ವಾ ಓಡಿ ಬರುವಂತೆ ಗೆಳೆಯನಿಗೆ ಚೀಟಿ ಕಳಿಸಿದ್ದು ಕಲಾ ಇತಿಹಾಸದಲ್ಲಿ ಪ್ರಸಿದ್ಧ. ಸತ್ತ ಪ್ರಾಣಿಯ ಚರ್ಮದ ಕೆಳಗಿನ ಸ್ನಾಯು, ಎಲುಬು, ಕೀಲುಗಳನ್ನು ನೋಡುವ ಅವಕಾಶ ಮತ್ತೆ ಮತ್ತೆ ಸಿಗುವುದಿಲ್ಲವಲ್ಲ! ಬಾರೀ ಬರಿಗಣ್ಣಿನಲ್ಲಿ ನೋಡಿ ಬಿಡುತ್ತಿರಲಿಲ್ಲ. ಅಳೆಯುತ್ತಿದ್ದ. ಪ್ರಾಣಿಗಳ ಅಂಗಾಂಗಗಳ ಅಳತೆ ಬರೆದಿಟ್ಟ ಅವನ ರೇಖಾಚಿತ್ರಗಳು ಇಂದಿಗೂ ಉಳಿದಿವೆ.

1831ರ ಸಲೋನ್‌ನಲ್ಲಿ, ಅಂದರೆ ಪ್ಯಾರಿಸ್‌ನ ಅಧಿಕೃತ ಕಲಾ ಪ್ರದರ್ಶನದಲ್ಲಿ, ಅವನು ಒಂದು ಹುಲಿಯನ್ನು ಇಟ್ಟ. ಅದು ಗಂಗಾ ನದಿಯ ಉದ್ದ ಮೂತಿಯ ಮೊಸಳೆ ಘರಿಯಾಲ್ ಅನ್ನು ಹಿಡಿದು ಕಚ್ಚುತ್ತಿರುವ ಹುಲಿ. ಗಂಗೆಯ ಕಾಳಗವನ್ನು ಸೇನ್ ನದಿಯ ದಡದಲ್ಲೇ ಕುಳಿತು ಬಾರೀ ಕಟ್ಟಿಕೊಟ್ಟಿದ್ದ. ಜನ ಬೆರಗಾದರು. ಪದಕವೂ ಬಂತು. ಎರಡು ವರ್ಷದ ಮೇಲೆ ಹಾವನ್ನು ಕಾಲಡಿ ಹಿಡಿದ ಸಿಂಹ ಬಂತು. ದೊರೆ ಲೂಯಿ ಫಿಲಿಪ್‌ನ ಸರ್ಕಾರ ಅದರ ಕಂಚನ್ನು ತ್ವಿಲರಿ ಉದ್ಯಾನದಲ್ಲಿ ನಿಲ್ಲಿಸಿತು. ಇವೆರಡನ್ನೂ ಮರಳಿನಲ್ಲಿ ಅಲ್ಲ, ಮೇಣದಲ್ಲಿ ಎರಕ ಹೊಯ್ದವನು ಒನೊರೆ ಗೊನೊನ್. ಫ್ರಾನ್ಸ್‌ನಲ್ಲಿ ಮೂಲೆ ಸೇರಿದ್ದ ಮೇಣದ ಎರಕಕ್ಕೆ ಮತ್ತೆ ಜೀವ ಕೊಟ್ಟವನು ಈತನೇ. ಎರಡೂ ಕಂಚುಗಳು ಈಗ ಲೂವ್ರ್ ಮ್ಯೂಸಿಯಂನಲ್ಲಿವೆ.

ಆದರೆ ವಿಧಿ ಬೇರೆಯೇ ಇತ್ತು. ರಾಜಕುಮಾರ ಆರ್ಲಿಯನ್ಸ್ ಡ್ಯೂಕ್ ತನ್ನ ಊಟದ ಮೇಜಿನ ಅಲಂಕಾರಕ್ಕೆಂದು ಬಾರೀಯಿಂದ ಶಿಲ್ಪಗಳ ಒಂದು ದೊಡ್ಡ ಸಾಲನ್ನೇ ಮಾಡಿಸಿದ. ಅದರಲ್ಲಿ ಐದು ಬೇಟೆಯ ದೃಶ್ಯಗಳು. ಅವುಗಳಲ್ಲೊಂದು ಆನೆಯ ಮೇಲೆ ಕುಳಿತ ಭಾರತೀಯ ಬೇಟೆಗಾರರ ಹುಲಿಬೇಟೆ. 1837ರ ಸಲೋನ್‌ಗೆ ಇವನ್ನು ಕಳಿಸಿದಾಗ ತೀರ್ಪುಗಾರರು ತಿರಸ್ಕರಿಸಿದರು. ಇದು ಶಿಲ್ಪವಲ್ಲ, ಅಕ್ಕಸಾಲಿಗನ ಕೆಲಸ ಎಂಬುದು ಅವರು ಒಡ್ಡಿದ ನೆಪ. ಪ್ರಾಣಿಗಳನ್ನು ಮಾಡುವವರಿಗೆ 'ಅನಿಮಾಲಿಯೇ', ಅಂದರೆ ಪ್ರಾಣಿಗಾರ ಎಂಬ ಹೆಸರು ಬಿದ್ದದ್ದೂ ಮೊದಲಿಗೆ ಗೇಲಿಯಿಂದಲೇ. ಬಾರೀ ಸಿಟ್ಟಿಗೆದ್ದು ಹದಿಮೂರು ವರ್ಷ ಸಲೋನ್ ಕಡೆ ತಲೆ ಹಾಕಲಿಲ್ಲ.

ಒಂದೇ ಸಹಿ, ನಾಲ್ಕು ಕಾಲ

ಪ್ರದರ್ಶನದ ಬಾಗಿಲು ಮುಚ್ಚಿದಾಗ ಬಾರೀ ಅಂಗಡಿಯ ಬಾಗಿಲು ತೆರೆದ. ದೊರೆಗಳ ಅರಮನೆಗೆ ಅಲ್ಲ, ವಕೀಲರ, ವೈದ್ಯರ, ವ್ಯಾಪಾರಿಗಳ ಮನೆಗೆ ಹೊಂದುವ ಚಿಕ್ಕ ಕಂಚುಗಳನ್ನು ತಾನೇ ಎರಕ ಹೊಯ್ಯಿಸಿ ಮಾರತೊಡಗಿದ. ಆಮೆ, ಮೊಲ, ಕೊಕ್ಕರೆ, ಜಿಂಕೆ, ಆನೆ, ಚಿರತೆ ಎಲ್ಲವೂ ಬೆಲೆಪಟ್ಟಿಯಲ್ಲಿ ಸೇರಿದವು. ಕಾಗದ ಹಾರದಂತೆ ಮೇಜಿನ ಮೇಲೆ ಇಡುವಷ್ಟು ಚಿಕ್ಕವೂ ಇದ್ದವು. ಆದರೆ ಕೆಲಸದಲ್ಲಿ ಮಾತ್ರ ಚಿಕ್ಕದು ದೊಡ್ಡದು ಎಂಬ ಭೇದ ಇರಲಿಲ್ಲ. ಎರಕವನ್ನು ತಾನೇ ನೋಡುತ್ತಿದ್ದ, ತಿದ್ದುವಿಕೆಯ ಮೇಲೆ ಕಣ್ಣಿಟ್ಟಿರುತ್ತಿದ್ದ, ಬಣ್ಣದ ಪೊರೆಯ ಪ್ರಯೋಗ ಮಾಡುತ್ತಿದ್ದ. ಕಂದಿನ ಮೇಲೆ ಕಡು ಹಸಿರು ಆಡುವ ಅವನ ಪಟೀನ ಸಂಗ್ರಹಕಾರರ ಬಾಯಲ್ಲಿ ಇಂದಿಗೂ ಮನೆಮಾತು. ಆ ಕಾಲದ ಕೆಲವು ಎರಕಗಳಿಗೆ ಅವನು ಕ್ರಮಸಂಖ್ಯೆಯನ್ನೂ ಒತ್ತಿಸುತ್ತಿದ್ದ.

ಒಳ್ಳೆಯ ಕೆಲಸಗಾರನೆಲ್ಲ ಒಳ್ಳೆಯ ವ್ಯಾಪಾರಿ ಆಗಬೇಕೆಂದಿಲ್ಲ. 1845ರಲ್ಲಿ ಎಮಿಲ್ ಮಾರ್ತಾನ್ ಎಂಬ ಹಣವಂತನ ಜೊತೆ ಪಾಲುದಾರಿಕೆ ಆಯಿತು. 1848ರಲ್ಲಿ ಫ್ರಾನ್ಸ್‌ನಲ್ಲಿ ಕ್ರಾಂತಿ ಎದ್ದಿತು. ದೊರೆ ಓಡಿಹೋದ, ಪೇಟೆ ಬಿದ್ದುಹೋಯಿತು. ಅಲಂಕಾರದ ಕಂಚು ಕೊಳ್ಳುವವರು ಯಾರು? ಬಾರೀ ದಿವಾಳಿಯಾದ. ಸಾಲಕ್ಕೆ ಬದಲಾಗಿ ಅವನ ಮಾದರಿಗಳು, ಅಚ್ಚುಗಳು ಮಾರ್ತಾನ್ ಕೈ ಸೇರಿದವು. ಸುಮಾರು ಒಂಬತ್ತು ವರ್ಷ ಬಾರೀಯ ಹುಲಿ, ಸಿಂಹಗಳನ್ನು ಬಾರೀಯೇ ಇಲ್ಲದೆ ಎರಕ ಹೊಯ್ದು ಮಾರಲಾಯಿತು. ಮಾರ್ತಾನ್ ಖಳನಾಯಕನಲ್ಲ, ಕೊಟ್ಟ ಹಣ ವಸೂಲು ಮಾಡಿಕೊಂಡ ಸಾಲಗಾರ ಅಷ್ಟೇ. ಆದರೆ ತಾನು ಹಡೆದದ್ದು ಇನ್ನೊಬ್ಬರ ಅಂಗಡಿಯಲ್ಲಿ ತನ್ನದೇ ಹೆಸರಿನಲ್ಲಿ ಮಾರಾಟವಾಗುವುದನ್ನು ನೋಡುತ್ತಾ ಕೂರುವ ಗತಿ ಶಿಲ್ಪಿಯದಾಯಿತು.

ಈ ನಡುವೆ ಅವನು ಲೂವ್ರ್‌ನ ಪ್ಲಾಸ್ಟರ್ ಅಚ್ಚಿನ ಕಾರ್ಖಾನೆ ನೋಡಿಕೊಂಡ. 1854ರಿಂದ ಪ್ರಕೃತಿ ಇತಿಹಾಸದ ಮ್ಯೂಸಿಯಂನಲ್ಲಿ ಪ್ರಾಣಿಗಳ ಚಿತ್ರರಚನೆ ಕಲಿಸುವ ಮೇಷ್ಟರಾದ. ಮುಂದೆ ಜಗತ್ಪ್ರಸಿದ್ಧನಾದ ರೋದಾನ್ ಅಲ್ಲಿ ಕೆಲಕಾಲ ಪಾಠ ಕೇಳಿದ ವಿದ್ಯಾರ್ಥಿ. 1855ರ ಪ್ಯಾರಿಸ್ ಮಹಾ ಪ್ರದರ್ಶನದಲ್ಲಿ ಬಾರೀಗೆ ಅತ್ಯುನ್ನತ ಪದಕ ದೊರಕಿದ್ದು ಕಲೆಯ ವಿಭಾಗದಲ್ಲಿ ಅಲ್ಲ, ಕೈಗಾರಿಕೆಯ ವಿಭಾಗದಲ್ಲಿ ಎಂಬುದು ವಿಪರ್ಯಾಸ. 1857ರಲ್ಲಿ ಕೊನೆಗೂ ಮಾದರಿಗಳು ಮನೆಗೆ ಮರಳಿದವು. ಅಲ್ಲಿಂದ 1875ರಲ್ಲಿ ಸಾಯುವ ತನಕ ಮತ್ತೆ ಅವನ ಕಣ್ಣೆದುರೇ ಎರಕ ನಡೆಯಿತು. ಸತ್ತ ಮರುವರ್ಷ ಪ್ಯಾರಿಸ್‌ನ ದ್ರುವೋ ಹರಾಜು ಮನೆಯಲ್ಲಿ ಎಲ್ಲವೂ ಹರಾಜಾಯಿತು. ನೂರಕ್ಕೂ ಹೆಚ್ಚು ಮಾದರಿಗಳನ್ನು ಕೊಂಡವನು ಪ್ಯಾರಿಸ್‌ನ ಅತಿ ದೊಡ್ಡ ಎರಕದ ಮನೆಯ ಒಡೆಯ ಫರ್ದಿನಾಂದ್ ಬಾರ್ಬೆದಿಯೆನ್.

ಹೀಗೆ ಬಾರೀಯ ಒಂದೇ ಹುಲಿಗೆ ನಾಲ್ಕು ಕಾಲ. 1848ಕ್ಕೆ ಮೊದಲಿನದು, ಮಾರ್ತಾನ್ ಕಾಲದ್ದು, 1857ರ ನಂತರದ್ದು, ಸತ್ತ ಮೇಲಿನದು. ನಾಲ್ಕರ ಪೀಠದ ಮೇಲೂ ಒಂದೇ ಸಹಿ. ಯಾವುದೂ ಕಳ್ಳಮಾಲಲ್ಲ, ಎಲ್ಲವೂ ಕಾನೂನುಬದ್ಧ. ಆದರೂ ಸಂಗ್ರಹಕಾರನ ಕಣ್ಣಿನಲ್ಲಿ ನಾಲ್ಕೂ ಒಂದಲ್ಲ. ಅವನು ಹುಡುಕುವುದು ಸಹಿಯನ್ನಲ್ಲ. ಆ ಕಂಚು ಅಚ್ಚಿನಿಂದ ಹೊರಬಂದ ದಿನ ಬಾರೀ ಅದನ್ನು ಕೈಯಲ್ಲಿ ಹಿಡಿದು ನೋಡಿದ್ದನೇ ಎಂಬ ಪ್ರಶ್ನೆಗೆ ಉತ್ತರವನ್ನು.

ಯಂತ್ರ ಬಂದ ಮೇಲೆ

ಬಾರೀಯ ಮಾದರಿಗಳನ್ನು ಕೊಂಡ ಬಾರ್ಬೆದಿಯೆನ್ ಯಾರು ಎಂಬುದೂ ತಿಳಿಯತಕ್ಕ ಸಂಗತಿ. 1810ರಲ್ಲಿ ನಾರ್ಮಂಡಿಯಲ್ಲಿ ಹುಟ್ಟಿದ ಈತ ಗೋಡೆಗೆ ಅಂಟಿಸುವ ಬಣ್ಣದ ಕಾಗದದ ವ್ಯಾಪಾರದಿಂದ ಮೇಲೆ ಬಂದವನು. 1838ರಲ್ಲಿ ಆಶಿಲ್ ಕೊಲಾ ಎಂಬ ಯಂತ್ರ ತಜ್ಞನ ಜೊತೆ ಕೈ ಜೋಡಿಸಿದ. ಕೊಲಾ ಕಂಡುಹಿಡಿದದ್ದು ಶಿಲ್ಪವನ್ನು ಚಿಕ್ಕದು ಮಾಡುವ ಯಂತ್ರ. ನಕ್ಷೆಯನ್ನು ಹಿಗ್ಗಿಸಲು, ಕುಗ್ಗಿಸಲು ಬಳಸುವ ಪ್ಯಾಂಟೋಗ್ರಾಫ್ ತತ್ವವೇ ಇದರದು. ಒಂದು ತುದಿಯ ಮೊಂಡು ಸೂಜಿ ದೊಡ್ಡ ಶಿಲ್ಪದ ಮೈಮೇಲೆ ಹರಿದಂತೆ, ಇನ್ನೊಂದು ತುದಿಯ ಚೂಪು ಸೂಜಿ ಪ್ಲಾಸ್ಟರ್‌ನಲ್ಲಿ ಅದೇ ರೂಪವನ್ನು ಅರ್ಧಕ್ಕೋ ಕಾಲು ಭಾಗಕ್ಕೋ ಇಳಿಸಿ ಕೊರೆಯುತ್ತದೆ.

ಇದರ ಪರಿಣಾಮ ಏನಾಯಿತು? ಲೂವ್ರ್‌ನಲ್ಲಿ ಆಳೆತ್ತರಕ್ಕೂ ಮಿಗಿಲಾಗಿ ನಿಂತಿದ್ದ ಮಿಲೋಸ್‌ನ ವೀನಸ್ ಬೆಂಕಿಗೂಡಿನ ಮೇಲಿನ ಹಲಗೆಗೆ ಬಂದು ಕುಳಿತಳು. ಗಿರಾಕಿಯ ಜೇಬಿಗೆ ತಕ್ಕಂತೆ ಬೇರೆ ಬೇರೆ ಎತ್ತರ, ಬೇರೆ ಬೇರೆ ಬೆಲೆ. ಮೊದಲು ಗ್ರೀಕ್, ರೋಮನ್ ಶಿಲ್ಪಗಳು, ಆಮೇಲೆ ಬದುಕಿದ್ದ ಶಿಲ್ಪಿಗಳ ಕೃತಿಗಳು. ಶಿಲ್ಪಿಯ ಜೊತೆ ಕರಾರು ಮಾಡಿಕೊಂಡು, ಮಾರಾಟವಾದಂತೆ ಪಾಲು ಕೊಡುವ ಪದ್ಧತಿ ಬೆಳೆಯಿತು. 1898ರಲ್ಲಿ ರೋದಾನ್ ತನ್ನ 'ಚುಂಬನ' ಶಿಲ್ಪದ ಚಿಕ್ಕ ರೂಪಗಳಿಗಾಗಿ ಈ ಸಂಸ್ಥೆಯ ಜೊತೆ ಇಪ್ಪತ್ತು ವರ್ಷದ ಕರಾರು ಮಾಡಿಕೊಂಡ. ನಾಲ್ಕು ಅಳತೆಗಳಲ್ಲಿ ಮುನ್ನೂರಕ್ಕೂ ಹೆಚ್ಚು ಕಂಚುಗಳು ಹೊರಬಂದವು. 'ಅಸಲು ಚುಂಬನ' ಇವುಗಳಲ್ಲಿ ಯಾವುದು ಎಂದು ಕೇಳಿದರೆ ಏನು ಹೇಳುವುದು?

ಕಲೆ ಮನೆಮನೆಗೆ ತಲುಪಿತು ಎಂದು ಹಿಗ್ಗಿದವರು ಅಂದೂ ಇದ್ದರು. ಕಲೆ ಅಂಗಡಿ ಸಾಮಾನಾಯಿತು ಎಂದು ಹಳಹಳಿಸಿದವರೂ ಇದ್ದರು. ಎರಡರಲ್ಲೂ ಸತ್ಯ ಇದೆ. ಬಾರ್ಬೆದಿಯೆನ್ ಮನೆಯ ಎರಕದಲ್ಲಿ ಕಾರಿಗರ ನೈಪುಣ್ಯಕ್ಕೆ ಕೊರತೆ ಇರಲಿಲ್ಲ. ಗಡಿಯಾರದ ಪಕ್ಕ ಇಡುವ ಕಂಚಿಗೂ ಅವರು ಮೈಮುರಿದು ದುಡಿದರು. ಪೀಠದ ಮೇಲಿನ ಕೊಲಾ ಯಂತ್ರದ ದುಂಡು ಮುದ್ರೆಯನ್ನು ಅಂದು ನಕಲಿನ ಗುರುತು ಎಂದು ಯಾರೂ ಅಡಗಿಸಲಿಲ್ಲ. ಅದು ಯಂತ್ರಯುಗದ ಹೆಮ್ಮೆಯ ಬಿರುದಾಗಿತ್ತು.

ಲೋಹ ಸುಳ್ಳು ಹೇಳದು

ಈಗ ಕ್ಯಾಲಿಪರ್ ಹಿಡಿದ ಗಿರಾಕಿಯ ಬಳಿಗೆ ಮರಳೋಣ. ತಾಮ್ರಕ್ಕೆ ತವರ ಬೆರೆಸಿದ ಈ ಲೋಹ ಕರಗಿದ ಸ್ಥಿತಿಯಿಂದ ಗಟ್ಟಿಯಾಗಿ ಆರುವಾಗ ನೂರಕ್ಕೆ ಒಂದೂವರೆಯಿಂದ ಎರಡು ಪಾಲು ಕುಗ್ಗುತ್ತದೆ. ಮೂವತ್ತು ಸೆಂಟಿಮೀಟರ್ ಅಚ್ಚಿನಲ್ಲಿ ಹೊಯ್ದ ಹುಲಿ ಸುಮಾರು ಅರ್ಧ ಸೆಂಟಿಮೀಟರ್ ಕಡಿಮೆಯಾಗಿ ಹೊರಬರುತ್ತದೆ. ಮಾದರಿ ಕಂಚನ್ನು ತಂದೆ ಎನ್ನುವುದಾದರೆ, ಅದರಿಂದ ನ್ಯಾಯವಾಗಿ ಹುಟ್ಟಿದ ಮಕ್ಕಳೆಲ್ಲ ಒಂದೇ ಎತ್ತರ. ಅಂಗಡಿಯಲ್ಲಿ ಕೊಂಡ ಕಂಚನ್ನೇ ಮುಂದಿಟ್ಟುಕೊಂಡು ಯಾರಾದರೂ ಕಳ್ಳ ಅಚ್ಚು ತೆಗೆದರೆ ಹುಟ್ಟುವುದು ಮೊಮ್ಮಗ. ಅವನು ಮತ್ತೂ ಗಿಡ್ಡ. ಮೊಮ್ಮಗನಿಂದ ಮರಿಮಗನನ್ನು ತೆಗೆದರೆ ಇನ್ನೂ ಗಿಡ್ಡ. ಸಹಿಯನ್ನು ಕದಿಯಬಹುದು, ಮುದ್ರೆಯನ್ನು ಒತ್ತಬಹುದು, ಹಳೆಯ ಬಣ್ಣವನ್ನು ಬರಿಸಬಹುದು. ಕುಗ್ಗಿದ ಅರ್ಧ ಸೆಂಟಿಮೀಟರನ್ನು ಮುಚ್ಚುವುದು ಮಾತ್ರ ಸುಲಭವಲ್ಲ. ಪೀಠದ ದಪ್ಪ ಹೆಚ್ಚುಕಡಿಮೆ ಇರಬಹುದಾದ್ದರಿಂದ ಬಲ್ಲವರು ಒಟ್ಟು ಎತ್ತರ ನೋಡದೆ ಪ್ರಾಣಿಯ ಮೈಮೇಲಿನ ಎರಡು ಬಿಂದುಗಳ ನಡುವೆಯೇ ಅಳೆಯುತ್ತಾರೆ.

ಅಳತೆಯ ಜೊತೆಗೆ ಬೇರೆ ಸಾಕ್ಷಿಗಳೂ ಇವೆ. ತಲೆಮಾರು ಇಳಿದಂತೆ ಗೆರೆ ಮೊಂಡಾಗುತ್ತದೆ. ಹುಲಿಯ ಕಾಲ್ಬೆರಳ ಸಂದು, ಕಿವಿಯ ಒಳಗು, ತೆರೆದ ಬಾಯಿಯೊಳಗಿನ ನಾಲಗೆ ನೋಡಿದರೆ ಸಾಕು. ಒಳ್ಳೆಯ ಎರಕದಲ್ಲಿ ಕಾರಿಗರ ಉಳಿ ಅಲ್ಲಿಗೂ ಹೋಗಿರುತ್ತದೆ. ಕೆಟ್ಟ ಎರಕದಲ್ಲಿ ಅಲ್ಲಿ ಬೆಣ್ಣೆ ಸವರಿದಂತೆ ನಯ ಇರುತ್ತದೆ. ಸಹಿಯ ಅಕ್ಷರದ ಅಂಚು ಚೂಪಾಗಿದೆಯೇ, ಕರಗಿದಂತಿದೆಯೇ ನೋಡಬೇಕು. ಪೀಠದ ಅಡಿಯ ಬೋಲ್ಟು, ನಟ್ಟುಗಳು ಕೈಯಲ್ಲಿ ಮಾಡಿದ ಹಳೆಯವೇ, ಇಂದಿನ ಕಾರ್ಖಾನೆಯವೇ ನೋಡಬೇಕು. ಕಾಣದ ಜಾಗದಲ್ಲಿ ಸಣ್ಣಗೆ ಕೆರೆದರೆ ಕಂಚು ಹೊಂಬಣ್ಣ ತೋರುತ್ತದೆ. ಬೂದು ಬಣ್ಣ ಕಂಡರೆ ಅದು ಸತುವಿನ ಮೇಲೆ ಕಂಚಿನ ಬಣ್ಣ ಹಚ್ಚಿದ ಅಗ್ಗದ ಸರಕು. ಅಂಥವೂ ಅದೇ ಶತಮಾನದಲ್ಲಿ ರಾಶಿ ರಾಶಿಯಾಗಿ ತಯಾರಾದವು. ತಟ್ಟಿದರೆ ಕಂಚು ದನಿ ಕೊಡುತ್ತದೆ, ಸತು ಮಂಕಾಗಿ ಸದ್ದು ಮಾಡುತ್ತದೆ.

ಇಲ್ಲೊಂದು ಎಚ್ಚರಿಕೆಯ ಮಾತು. ನಮ್ಮ ಮನೆಗಳಲ್ಲಿ ಕಂಚು, ಹಿತ್ತಾಳೆ ಎಂದರೆ ಹಬ್ಬದ ಹಿಂದಿನ ದಿನ ಹುಣಸೆಹಣ್ಣು ಹಚ್ಚಿ ಫಳಫಳ ಹೊಳೆಯುವಂತೆ ತಿಕ್ಕುವುದು ವಾಡಿಕೆ. ದೇವರ ದೀಪಕ್ಕೆ ಅದು ಸರಿ. ಪ್ಯಾರಿಸ್‌ನ ಕಂಚಿಗೆ ಅದೇ ಉಪಚಾರ ಮಾಡಿದರೆ ಬಾರೀ ಬರಿಸಿದ ಹಸಿರು ಪೊರೆ ನಲ್ಲಿಯ ನೀರಿನಲ್ಲಿ ಹರಿದುಹೋಗುತ್ತದೆ. ಶಿಲ್ಪ ಉಳಿಯುತ್ತದೆ, ಶಿಲ್ಪಿಯ ಕೈ ಅಳಿಯುತ್ತದೆ. ಮೆತ್ತನೆಯ ಒಣಬಟ್ಟೆಯಿಂದ ಧೂಳು ಒರೆಸುವುದಕ್ಕಿಂತ ಹೆಚ್ಚಿನ ಸೇವೆಯನ್ನು ಅದು ಬೇಡುವುದಿಲ್ಲ.

ಸತ್ತ ಮೇಲೆ ಯಾರ ಕೈ?

ಶಿಲ್ಪಿ ಸತ್ತ ಮೇಲೆ ಹೊಯ್ದ ಎರಕವನ್ನು ಏನೆಂದು ಕರೆಯುವುದು? ಈ ಪ್ರಶ್ನೆಗೆ ದೆಗಾ ಒಳ್ಳೆಯ ಉದಾಹರಣೆ. ಚಿತ್ರಕಾರನೆಂದೇ ಹೆಸರಾದ ಈತ ಬದುಕಿದ್ದಾಗ ಪ್ರದರ್ಶಿಸಿದ್ದು ಒಂದೇ ಶಿಲ್ಪ, 1881ರಲ್ಲಿ, ಮೇಣದ ಪುಟ್ಟ ನರ್ತಕಿ. 1917ರಲ್ಲಿ ಅವನು ತೀರಿಕೊಂಡಾಗ ಅವನ ಕೆಲಸದ ಮನೆಯಲ್ಲಿ ಸುಮಾರು 150 ಮೇಣ, ಮಣ್ಣಿನ ಶಿಲ್ಪಗಳು ಸಿಕ್ಕವು. ಹಲವು ಪುಡಿಪುಡಿಯಾಗಿದ್ದವು. ವಾರಸುದಾರರು ಎಬ್ರಾರ್ ಎಂಬ ಎರಕದ ಮನೆಗೆ ಕೆಲಸ ವಹಿಸಿದರು. ಎಪ್ಪತ್ತಕ್ಕೂ ಹೆಚ್ಚು ಶಿಲ್ಪಗಳನ್ನು ಒಂದೊಂದೂ ಇಪ್ಪತ್ತಕ್ಕೂ ಮಿಕ್ಕಿ ಪ್ರತಿಗಳಲ್ಲಿ ಕಂಚಿಗೆ ಇಳಿಸಲಾಯಿತು. ಅಂದರೆ ಇಂದು ಜಗತ್ತಿನ ಮ್ಯೂಸಿಯಂಗಳಲ್ಲಿರುವ ದೆಗಾನ ಕಂಚುಗಳಲ್ಲಿ ಒಂದನ್ನೂ ದೆಗಾ ಕಂಡಿರಲಿಲ್ಲ! ಎಷ್ಟೋ ಕಾಲ ಮರೆಯಲ್ಲಿದ್ದ ಆ ಎರಕದ ಮನೆಯ ಮಾದರಿ ಕಂಚುಗಳು 1970ರ ದಶಕದಲ್ಲಿ ಬೆಳಕಿಗೆ ಬಂದು, 1977ರಲ್ಲಿ ಅಮೆರಿಕದ ಸಂಗ್ರಹಕಾರ ನಾರ್ಟನ್ ಸೈಮನ್ ಕೈ ಸೇರಿದವು. ಅಳೆದು ನೋಡಿದರೆ ಅವು ಉಳಿದ ಪ್ರತಿಗಳಿಗಿಂತ ತುಸು ದೊಡ್ಡವು, ಗೆರೆಗಳೂ ಹೆಚ್ಚು ಚೊಕ್ಕ. ತಂದೆ ಯಾರು, ಮಕ್ಕಳು ಯಾರು ಎಂದು ಲೋಹವೇ ಹೇಳಿಬಿಟ್ಟಿತು.

ರೋದಾನ್ ಈ ವಿಷಯದಲ್ಲಿ ಜಾಣ. 1916ರಲ್ಲಿ ತನ್ನ ಕೃತಿಗಳನ್ನೂ ಅವುಗಳಿಂದ ಎರಕ ಹೊಯ್ಯುವ ಹಕ್ಕನ್ನೂ ಫ್ರೆಂಚ್ ಸರ್ಕಾರಕ್ಕೆ ಬರೆದುಕೊಟ್ಟ. ಪ್ಯಾರಿಸ್‌ನ ರೋದಾನ್ ಮ್ಯೂಸಿಯಂ ಆ ಹಕ್ಕಿನ ಮೇಲೆ ಎರಕ ಹೊಯ್ಯಿಸುತ್ತಾ ಬಂದಿದೆ. ಅವನ 'ನರಕದ ಬಾಗಿಲು' ಪೂರ್ತಿಯಾಗಿ ಕಂಚು ಕಂಡದ್ದೇ ಅವನು ಸತ್ತ ಮೇಲೆ. ಎಷ್ಟು ಬೇಕಾದರೂ ಹೊಯ್ಯುತ್ತಾ ಹೋದರೆ ಗತಿ ಏನು ಎಂಬ ಚಿಂತೆಯಿಂದ ಫ್ರಾನ್ಸ್ 1960ರ ದಶಕದ ಕೊನೆಯಲ್ಲಿ ಮಿತಿ ಹಾಕಿಕೊಂಡಿತು. ಒಂದು ಶಿಲ್ಪಕ್ಕೆ ಎಂಟು ಪ್ರತಿ, ಅದರ ಮೇಲೆ ಕಲಾವಿದನ ಪಾಲಿನ ನಾಲ್ಕು, ಒಟ್ಟು ಹನ್ನೆರಡು ಮಾತ್ರ 'ಮೂಲ' ಎನಿಸಿಕೊಳ್ಳಬಹುದು. ಉಳಿದ ಪ್ರತಿಗಳ ಮೇಲೆ ಅಳಿಸಲಾಗದಂತೆ 'ಪ್ರತಿಕೃತಿ' ಎಂದು ಒತ್ತಲೇಬೇಕು ಎಂದು 1981ರ ಆಜ್ಞೆ ಹೇಳಿತು.

ಆದರೆ ಕಾನೂನು ಬಂದಲ್ಲಿ ಕಳ್ಳದಾರಿಯೂ ಬರುತ್ತದೆ. 1990ರ ದಶಕದ ಆರಂಭದಲ್ಲಿ ಫ್ರಾನ್ಸ್‌ನ ಪೊಲೀಸರು ವ್ಯಾಪಾರಿಯೊಬ್ಬನ ಜಾಲವನ್ನು ಭೇದಿಸಿದಾಗ ರೋದಾನ್ ಸೇರಿದಂತೆ ಹತ್ತಾರು ಶಿಲ್ಪಿಗಳ ಹೆಸರಿನ ಕಳ್ಳ ಕಂಚುಗಳು ಹೊರಬಿದ್ದವು. ಕೆಲವದರ ಮೇಲೆ ಹೆಸರಾಂತ ಹಳೆಯ ಎರಕದ ಮನೆಯ ಮುದ್ರೆಯೇ ಇತ್ತು. ಆತನಿಗೆ ಮುಂದೆ ಶಿಕ್ಷೆಯಾಯಿತು. ಅಷ್ಟರೊಳಗೆ ಮಾರಿಹೋದವು ಮಾತ್ರ ಪೇಟೆಯಲ್ಲೇ ಉಳಿದವು.

ಬಾಲ್ಟಿಮೋರ್‌ನ ಸಿಂಹಗಳು

ಬಾರೀಯನ್ನು ಉಳಿಸಿದವರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಇಬ್ಬರನ್ನು ನೆನೆಯಬೇಕು. ಒಬ್ಬ ವಿಲಿಯಂ ವಾಲ್ಟರ್ಸ್, ಸಿರಿವಂತ ವ್ಯಾಪಾರಿ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಊರು ಬಿಟ್ಟು ಪ್ಯಾರಿಸ್‌ನಲ್ಲಿ ನೆಲೆಸಿದ್ದಾಗ ಈ ಹುಚ್ಚು ಹತ್ತಿತು. ಇನ್ನೊಬ್ಬ ಜಾರ್ಜ್ ಲ್ಯೂಕಸ್, ಅದೇ ಊರಿನವನು, 1857ರಿಂದ ಸಾಯುವ ತನಕ ಪ್ಯಾರಿಸ್‌ನಲ್ಲೇ ಇದ್ದು ಅಮೆರಿಕದ ಗಿರಾಕಿಗಳ ಪರವಾಗಿ ಕಲಾಕೃತಿ ಕೊಡಿಸುತ್ತಿದ್ದವನು. ದಿನವೂ ದಿನಚರಿ ಬರೆಯುತ್ತಿದ್ದ. ಯಾರ ಮನೆಗೆ ಹೋದದ್ದು, ಯಾವುದಕ್ಕೆ ಎಷ್ಟು ಕೊಟ್ಟದ್ದು ಎಂಬ ಆ ಟಿಪ್ಪಣಿಗಳು 1979ರಲ್ಲಿ ಅಚ್ಚಾದವು. ಯಾವ ಕಂಚು ಯಾವಾಗ ಯಾರಿಂದ ಕೊಂಡದ್ದು ಎಂಬ ದಾಖಲೆ ಇದ್ದರೆ ಕ್ಯಾಲಿಪರ್‌ನ ಅರ್ಧ ಕೆಲಸ ಮುಗಿದಂತೆ.

1873ರಲ್ಲಿ ವಾಲ್ಟರ್ಸ್ ಪ್ರಯತ್ನದಿಂದ ವಾಷಿಂಗ್ಟನ್‌ನ ಕಾರ್ಕೊರನ್ ಗ್ಯಾಲರಿ ಬಾರೀಗೆ ಒಂದು ಆರ್ಡರ್ ಕೊಟ್ಟಿತು. ಅವನ ಪಟ್ಟಿಯಲ್ಲಿರುವ ಪ್ರತಿಯೊಂದು ಶಿಲ್ಪದ ಒಂದೊಂದು ಪ್ರತಿ ಬೇಕು ಎಂದು. ಸುಮಾರು 120 ಕಂಚುಗಳು. ಎಪ್ಪತ್ತೆಂಟರ ಹತ್ತಿರ ಬಂದಿದ್ದ ಮುದುಕನಿಗೆ ಇಡೀ ಜೀವಮಾನದ ಕೆಲಸ ಒಂದೇ ಕಡೆ ನಿಲ್ಲುವ ಭಾಗ್ಯ ಸಮುದ್ರದಾಚೆಯಿಂದ ಬಂತು. ಸಲೋನ್ ತಿರಸ್ಕರಿಸಿದ ಐದು ಬೇಟೆಗಳೂ ಕಡೆಗೆ ಸೇರಿದ್ದು ಬಾಲ್ಟಿಮೋರ್‌ನ ವಾಲ್ಟರ್ಸ್ ಮ್ಯೂಸಿಯಂ ಅನ್ನು.

ಆದರೆ ಸಂಗ್ರಹ ಕಟ್ಟುವುದು ಎಷ್ಟು ಕಷ್ಟವೋ ಕಾಯುವುದು ಅದಕ್ಕಿಂತ ಕಷ್ಟ. ಲ್ಯೂಕಸ್ 1909ರಲ್ಲಿ ತೀರಿಕೊಂಡ ಮೇಲೆ ಅವನ ಸಂಗ್ರಹ ಬಾಲ್ಟಿಮೋರ್‌ನ ಕಲಾಶಾಲೆಯೊಂದಕ್ಕೆ ಸೇರಿತ್ತು. 1990ರ ದಶಕದಲ್ಲಿ ಅದನ್ನು ಮಾರುವ ಮಾತು ಬಂದು ವಿಷಯ ಕೋರ್ಟು ಮೆಟ್ಟಿಲು ಹತ್ತಿತು. 1996ರಲ್ಲಿ ರಾಜ್ಯ ಸರ್ಕಾರದ ನೆರವಿನಿಂದ ಆ ಊರಿನ ಎರಡು ಮ್ಯೂಸಿಯಂಗಳು ಸೇರಿ ಕೊಂಡದ್ದರಿಂದ ಅದು ಊರಲ್ಲೇ ಉಳಿಯಿತು. ಕಾರ್ಕೊರನ್ ಗ್ಯಾಲರಿಗೆ ಆ ಅದೃಷ್ಟ ಇರಲಿಲ್ಲ. 2014ರಲ್ಲಿ ಅದು ಬಾಗಿಲು ಹಾಕಿತು, ಅದರ ಸಂಗ್ರಹ ಬೇರೆ ಬೇರೆ ಸಂಸ್ಥೆಗಳಿಗೆ ಹಂಚಿಹೋಯಿತು.

ಕರಗಿದ ಗೂಳಿ, ಉಳಿದ ಗೂಳಿ

ಹಾಗಾದರೆ ಒಂದೇ ಶಿಲ್ಪದ ಇಷ್ಟೊಂದು ಪ್ರತಿಗಳಿಂದ ಏನು ಸಾರ್ಥಕ ಎಂದು ಕೊನೆಗೆ ಕೇಳಬಹುದು. ಅದಕ್ಕೆ ಫ್ರಾನ್ಸ್‌ನ ಇತಿಹಾಸವೇ ಒಂದು ಉತ್ತರ ಕೊಟ್ಟಿದೆ. ಪ್ರಾಣಿಗಳ ಚಿತ್ರಗಳಿಗೆ ಹೆಸರಾದ ರೋಸಾ ಬೊನೂರ್ ಎಂಬ ಕಲಾವಿದೆ 1899ರಲ್ಲಿ ತೀರಿಕೊಂಡಳು. ಎರಡು ವರ್ಷದ ಮೇಲೆ ಫೋಂತೆನ್‌ಬ್ಲೋ ಊರಿನಲ್ಲಿ ಅವಳ ನೆನಪಿಗೆ ಕಂಚಿನ ಗೂಳಿಯೊಂದನ್ನು ನಿಲ್ಲಿಸಿದರು. ಅವಳೇ ಮಾಡಿದ್ದ ಪುಟ್ಟ ಗೂಳಿಯ ಹಿಗ್ಗಿಸಿದ ರೂಪ ಅದು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಫ್ರಾನ್ಸನ್ನು ಆಕ್ರಮಿಸಿಕೊಂಡಾಗ ಅಲ್ಲಿನ ವಿಷಿ ಸರ್ಕಾರ 1941ರ ಅಕ್ಟೋಬರ್‌ನಲ್ಲಿ ಕಾನೂನು ತಂದು, ಲೋಹಕ್ಕಾಗಿ ಬೀದಿಬೀದಿಯ ಪ್ರತಿಮೆಗಳನ್ನು ಕೀಳಿಸಿತು. ನೂರಾರು ಪ್ರತಿಮೆಗಳು ಮೂಸೆಗೆ ಬಿದ್ದವು. ಫೋಂತೆನ್‌ಬ್ಲೋದ ಗೂಳಿಯೂ ಕರಗಿತು.

ಆದರೆ ಅವಳ ಪುಟ್ಟ ಗೂಳಿಗಳು ಉಳಿದವು. ಅವಳ ಬಂಧುಗಳಾದ ಪೆರೊಲ್ ಮನೆತನದವರು ಎರಕ ಹೊಯ್ದು ಮಾರಿದ್ದ ಕಂಚುಗಳು ಯಾವುದೋ ಮನೆಯ ಕಪಾಟಿನಲ್ಲಿ, ಯಾವುದೋ ವಕೀಲನ ಮೇಜಿನ ಮೇಲೆ ಸದ್ದಿಲ್ಲದೆ ಕುಳಿತಿದ್ದವು. ಯಾವ ಸರ್ಕಾರದ ಕಣ್ಣೂ ಅವುಗಳ ಮೇಲೆ ಬೀಳಲಿಲ್ಲ. ಬಾರೀಯನ್ನು ಅಕ್ಕಸಾಲಿಗ ಎಂದು ಹಂಗಿಸಿದವರು ಮೇಜಿನ ಮೇಲಿನ ಶಿಲ್ಪವನ್ನು ಕೀಳು ಎಂದು ಬಗೆದಿದ್ದರು. ಕಡೆಗೆ ಚೌಕದ ಶಿಲ್ಪ ಹೋಯಿತು, ಮೇಜಿನದು ಬಾಳಿತು.

ಆದ್ದರಿಂದ ಕ್ಯಾಲಿಪರ್ ಹಿಡಿದ ಆ ಗಿರಾಕಿಯನ್ನು ಬರಿಯ ಲೆಕ್ಕಾಚಾರದ ಮನುಷ್ಯ ಎಂದು ನಗುವುದು ತರವಲ್ಲ. ಪ್ರತಿಗಳು ನೂರು ಇರುವಲ್ಲಿ ಕೈ ಒಂದೇ ಇತ್ತು ಎಂಬುದನ್ನು ಅವನು ಮರೆತಿಲ್ಲ. ಆ ಕೈಗೆ ಯಾವುದು ಎಷ್ಟು ಹತ್ತಿರ ಎಂದು ತಿಳಿಯಲು ಅವನಿಗಿರುವ ದಾರಿ ಅಳತೆ. ಸತ್ತ ಸಿಂಹದ ಪಕ್ಕ ಕುಳಿತು ಬಾರೀ ಅಂದು ಮಾಡಿದ ಕೆಲಸವೂ ಅದೇ. ಅವನು ಸಿಂಹವನ್ನು ಅಳೆದು ಕಂಚು ಮಾಡಿದ. ಇವನು ಕಂಚನ್ನು ಅಳೆದು ಬಾರೀಯನ್ನು ಹುಡುಕುತ್ತಾನೆ.